ಕೊನೆಯ ಲಾಂಚ್ ಹೋದ ಮೇಲೆ

ನಮ್ಮ ಕಡೆ ಅದನ್ನು ಯಾರೂ ಹಿನ್ನೀರು ಅನ್ನುವುದಿಲ್ಲ. ಹಿನ್ನೀರು ಎಂಬುದು ಪತ್ರಿಕೆಯ ಮಾತು, ಇಲಾಖೆಯ ಮಾತು. ಊರವರ ಬಾಯಲ್ಲಿ ಅದು ಇವತ್ತಿಗೂ ಹೊಳೆ. ‘ಹೊಳೆ ದಾಟಿ ಬಂದ್ರಾ?’ ಎಂದು ಕೇಳುತ್ತಾರೆ. ಹೆಣ್ಣು ಕೊಡುವಾಗ ‘ಹೊಳೆಯಾಚೆ ಸಂಬಂಧ, ಯೋಚನೆ ಮಾಡಿ’ ಅನ್ನುತ್ತಿದ್ದರು. ಸಾಗರದಿಂದ ಸಿಗಂದೂರಿನ ದಾರಿ ಹಿಡಿದು ಹೊರಟರೆ ರಸ್ತೆ ಮುಗಿದು ನೀರು ಸಿಗುವ ಜಾಗದ ಹೆಸರೇ ಹೊಳೆಬಾಗಿಲು. ಶರಾವತಿ ಅಲ್ಲಿ ಹರಿಯುವುದನ್ನು ನಿಲ್ಲಿಸಿ ಅರವತ್ತು ವರ್ಷ ದಾಟಿತು. ಗುಡ್ಡದಿಂದ ಗುಡ್ಡಕ್ಕೆ ಹರಡಿಕೊಂಡು, ನಡುನಡುವೆ ನಡುಗಡ್ಡೆಗಳನ್ನು ತೇಲಿಬಿಟ್ಟಂತೆ ನಿಂತ ನೀರು ಅದು. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಆ ನೀರಿನಾಚೆ ಕರೂರು ಮತ್ತು ಬಾರಂಗಿ ಹೋಬಳಿಗಳ ಊರುಗಳಿವೆ. ತುಮರಿ, ಕಳಸವಳ್ಳಿ, ಸಿಗಂದೂರು, ಇನ್ನೂ ಒಳಗೆ ಹೋದರೆ ಮೂರು ಮನೆಗೊಂದು, ಐದು ಮನೆಗೊಂದು ಹೆಸರು. ಇತ್ತ ನೀರು, ಅತ್ತ ಘಟ್ಟದ ಅಂಚು. ಅಂಚಿನಿಂದ ಕೆಳಗಿಳಿದರೆ ಭಟ್ಕಳದ ಸೀಮೆ. ನಡುವಿನದೆಲ್ಲ ಕಾನು. ಮಳೆಗಾಲದಲ್ಲಿ ನಡುಹಗಲೂ ಕತ್ತಲು ಕವಿಯುವ, ಧೂಪ, ರಾಮಪತ್ರೆ, ಉಪ್ಪಾಗೆ, ಸುರಹೊನ್ನೆ ಬೆಳೆದ ಕಾಡು. ಅಲ್ಲಿ ನನ್ನ ಅಜ್ಜನ ಮನೆ. ನಾನು ಹುಟ್ಟಿದ್ದು ಈಚೆ ದಡದಲ್ಲಿ. ಬೇಸಿಗೆ ರಜೆ ಎಂದರೆ ಹೊಳೆ ದಾಟುವುದು ಎಂದೇ ಅರ್ಥವಾಗಿದ್ದ ಕಾಲ ನನ್ನದು.

ದಾಟಲು ಲಾಂಚ್ ಇತ್ತು. ಅಂಬಾರಗೋಡ್ಲಿನ ದಡದಿಂದ ಕಳಸವಳ್ಳಿಯ ದಡಕ್ಕೆ. ಜನ, ದನ, ಗೊಬ್ಬರದ ಮೂಟೆ, ಅಡಿಕೆ ಚೀಲ, ಮದುವೆ ದಿಬ್ಬಣ ಎಲ್ಲವೂ ಅದರಲ್ಲೇ. ದೊಡ್ಡ ಲಾಂಚ್ ಬಂದ ಮೇಲೆ ಬಸ್ಸು, ಜೀಪೂ ಅದನ್ನೇರಿ ಸಾಗುತ್ತಿದ್ದವು. ಬಸ್ಸಿನೊಳಗೆ ಕೂತು ದೋಣಿಯಲ್ಲಿ ಹೋಗುವುದು ಮಕ್ಕಳಾದ ನಮಗೆ ಜಗತ್ತಿನ ಅತಿ ದೊಡ್ಡ ವೈಭವ. ದೊಡ್ಡವರಿಗೆ ಹಾಗಿರಲಿಲ್ಲ ಎಂದು ಗೊತ್ತಾಗಲು ವರ್ಷಗಳು ಬೇಕಾದವು. ಆಚೆ ಊರಿನ ಗಡಿಯಾರ ಓಡುತ್ತಿದ್ದದ್ದೇ ಲಾಂಚಿನ ವೇಳೆಗೆ. ಸಾಗರದ ಸಂತೆಯಲ್ಲಿರಲಿ, ನೆಂಟರ ಮನೆ ಊಟದ ಪಂಕ್ತಿಯಲ್ಲಿರಲಿ, ಮಧ್ಯಾಹ್ನ ಕಳೆಯುತ್ತಿದ್ದಂತೆ ಹೊಳೆಯಾಚೆಯವರ ಕಣ್ಣು ಗೋಡೆಯ ಗಡಿಯಾರದ ಮೇಲೆ. ‘ಲಾಂಚ್ ತಪ್ಪತ್ತು’ ಎಂಬ ಮಾತು ಬಂದ ಮೇಲೆ ಯಾರೂ ‘ಇನ್ನೊಂದು ಸ್ವಲ್ಪ ಇರಿ’ ಎಂದು ಒತ್ತಾಯಿಸುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆಚೆ ಊರುಗಳು ಬೆಳಗಿನವರೆಗೆ ತಮ್ಮ ಪಾಡಿಗೆ ತಾವು. ರಸ್ತೆಯಲ್ಲೇ ಹೋಗುತ್ತೇನೆಂದರೆ ಕೋಗಾರು, ಕಾರ್ಗಲ್ ಸುತ್ತಿ ಕಾಡಿನ ದಾರಿಯಲ್ಲಿ ಬಹಳ ದೂರ.

ಆ ರಾತ್ರಿಗಳ ಬಗ್ಗೆ ಊರಿನಲ್ಲಿ ಪ್ರತಿ ಮನೆಗೂ ಒಂದು ಕತೆಯಿದೆ. ನಮ್ಮ ಮನೆಯದು ದೊಡ್ಡಮ್ಮನ ಚೊಚ್ಚಲ ಹೆರಿಗೆ. ಆಷಾಢದ ಮಳೆ. ನೋವು ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ. ಸೂಲಗಿತ್ತಿ ಅಜ್ಜಿ ನಡುರಾತ್ರಿಯವರೆಗೆ ನೋಡಿ, ‘ಇದು ನನ್ನ ಕೈಲಿ ಆಗದು’ ಎಂದರು. ಎರಡು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ, ನಾಲ್ಕು ಜನ ಹೊತ್ತು, ಮುಂದೊಬ್ಬರು ಲಾಟೀನು ಹಿಡಿದು, ತೋಟದ ಕಾಲುಸಂಕ ದಾಟಿ ದಡಕ್ಕೆ ತಂದರು. ಅಷ್ಟು ಗಾಳಿಯಲ್ಲಿ ದೋಣಿ ಬಿಡಲು ದೋಣಿಯವರು ಮೊದಲು ಒಪ್ಪಲಿಲ್ಲ. ಆಮೇಲೆ ಬಿಟ್ಟರು. ನೀರಿನೊಳಗೆ ಮುಳುಗಿದ ಮರಗಳ ಕೊರಡುಗಳು ಅಲ್ಲಲ್ಲಿ ತಲೆ ಎತ್ತಿ ನಿಂತಿರುತ್ತವೆ. ಹಗಲಿನಲ್ಲಾದರೆ ಕಾಣುತ್ತವೆ, ರಾತ್ರಿ ದೋಣಿಯ ತಳಕ್ಕೆ ಬಡಿದಾಗಲೇ ತಿಳಿಯುವುದು. ಈಚೆ ದಡ ಮುಟ್ಟುವಾಗ ಬೆಳಕು ಹರಿದಿತ್ತು. ದೊಡ್ಡಮ್ಮ ಉಳಿದರು, ಮಗು ಉಳಿಯಲಿಲ್ಲ. ಈಗಲೂ ಅವರು ಅದನ್ನು ಯಾರ ಮೇಲೂ ದೂರಿಟ್ಟು ಹೇಳುವುದಿಲ್ಲ. ‘ಹೊಳೆ ಅಡ್ಡ ಇತ್ತಲ್ಲ’ ಅನ್ನುತ್ತಾರೆ, ಅಷ್ಟೇ.

ಹೊಳೆ ಅಡ್ಡ ಬಂದದ್ದು ತಾನಾಗಿ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಪೂರ್ತಿ ಓಟ ಸುಮಾರು 128 ಕಿಲೋಮೀಟರ್. ಜೋಗದಲ್ಲಿ 253 ಮೀಟರ್ ಧುಮುಕುತ್ತದೆ ಎಂಬುದೇ ಅದಕ್ಕೆ ಕುತ್ತಾಯಿತು. ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಬಂತು. ಮೈಸೂರು ಅರಸರ ಕಾಲದಲ್ಲಿ, 1939ರಲ್ಲಿ ಕೆಲಸ ಶುರುವಾಗಿ 1948ರ ಹೊತ್ತಿಗೆ ಜೋಗದಲ್ಲಿ ವಿದ್ಯುತ್ ಉತ್ಪಾದನೆಯಾಗತೊಡಗಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಹಿರೇಭಾಸ್ಕರ ಅಣೆಕಟ್ಟೆಯನ್ನೇ ನುಂಗಿ ಹಾಕುವಷ್ಟು ದೊಡ್ಡದು. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸಂಗ್ರಹ ನೂರೈವತ್ತು ಟಿಎಂಸಿಗಿಂತ ಹೆಚ್ಚು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಬಂದು ಶರಾವತಿ ವಿದ್ಯುದಾಗಾರವನ್ನು ಉದ್ಘಾಟಿಸಿದರು. ಅದರ ಸಾಮರ್ಥ್ಯ ಇಂದು 1,035 ಮೆಗಾವಾಟ್. ನಾಡಿನ ಎಷ್ಟೋ ಪೇಟೆಗಳು, ಕಾರ್ಖಾನೆಗಳು ಬೆಳಗಿದವು. ಆ ಬೆಳಕಿಗಾಗಿ ಗದ್ದೆ ತೋಟ ಬಿಟ್ಟವರ ಹೊಸ ಗುಡಿಸಲುಗಳಲ್ಲಿ ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು.

ಜನರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗದ ಕಡೆಯ, ಹೊಸನಗರದ ಕಡೆಯ ಕಾಡುಗಳಲ್ಲಿ ಇಳಿಸಿದರು. ಹೋಗಲೊಲ್ಲದವರು, ಹೋಗಲಾರದವರು ನೀರು ಏರಿದ ಹಾಗೆ ತಾವೂ ಗುಡ್ಡ ಏರಿದರು. ನನ್ನಜ್ಜ ಎರಡನೆಯ ಗುಂಪಿನವರು. ಮೊದಲ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ಯಾರಿಗೂ ಸರಿಯಾಗಿ ನಂಬಿಕೆಯಿರಲಿಲ್ಲವಂತೆ. ಇಷ್ಟೇ ಇರಬೇಕೆಂದು ಒಂದು ಕಡೆ ಸೋಗೆಮಾಡು ಕಟ್ಟಿದರು. ನೀರು ಅಂಗಳಕ್ಕೆ ಬಂತು. ಕಿತ್ತು ಇನ್ನೂ ಮೇಲೆ ಕಟ್ಟಿದರು. ಈ ಪರದಾಟವನ್ನು ಹತ್ತಿರದಿಂದ ಕಂಡ ಲೇಖಕರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಈ ನೀರಿನಿಂದಲೇ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದಾಗ ಅದಕ್ಕೆ ಸ್ವರ್ಣಕಮಲ ಬಂತು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು. ಹೊಳೆಯ ಮೇಲೆ ಸೇತುವೆ ಉದ್ಘಾಟನೆಯಾದದ್ದು ಅದೇ ವರ್ಷದ ಜುಲೈನಲ್ಲಿ. ಆರು ತಿಂಗಳು. ಅವರು ಅದನ್ನು ನೋಡಬೇಕಿತ್ತು ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ನನಗೂ ಹಾಗೇ ಅನಿಸುತ್ತದೆ.

ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳದಿದ್ದರೆ ಮುಂದಿನದೆಲ್ಲ ಅರ್ಥವಾಗುವುದಿಲ್ಲ. ಮುಳುಗಿದ ಗದ್ದೆಗಳನ್ನು ಉಳುತ್ತಿದ್ದವರಲ್ಲಿ ಬಹಳ ಜನ ಗೇಣಿದಾರರು. ಸಾಗರ ಸೀಮೆಯ ಗೇಣಿ ಒಕ್ಕಲುಗಳು ಸುಮ್ಮನೆ ಕೂತವರಲ್ಲ. 1951ರಲ್ಲಿ ಕಾಗೋಡಿನಲ್ಲಿ ನೇಗಿಲು ಹಿಡಿದು ಗದ್ದೆಗಿಳಿದು ಸತ್ಯಾಗ್ರಹ ಮಾಡಿದವರು, ರಾಮಮನೋಹರ ಲೋಹಿಯಾ ಅವರನ್ನು ಇಲ್ಲಿಯವರೆಗೆ ಕರೆಸಿದವರು. ಆದರೆ ಉಳುವವನೇ ಒಡೆಯ ಎಂಬ ಕಾನೂನು ಬಲ ಪಡೆದದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಹಾಗಾಗಿ ಪರಿಹಾರದ ಕಾಗದದಲ್ಲಿ ಹೆಸರಿದ್ದದ್ದು ಒಡೆಯರದು. ಮನೆ ಮುಳುಗಿದ್ದು ಒಕ್ಕಲಿನದು. ಅಜ್ಜ ಹೊಸದಾಗಿ ಕಡಿದು ಸವರಿ ಮಾಡಿದ ಗುಡ್ಡದ ಜಾಗ ಕಂದಾಯದ ಕಡತದಲ್ಲಿ ಒಂದು ಹೆಸರು, ಅರಣ್ಯದ ನಕ್ಷೆಯಲ್ಲಿ ಇನ್ನೊಂದು. ಎರಡರಲ್ಲೂ ಅಜ್ಜನ ಹೆಸರಿಲ್ಲ.

ಮಾವನ ಬಳಿ ಒಂದು ಬಟ್ಟೆ ಚೀಲವಿದೆ. ಖಾಕಿ ಬಣ್ಣದ್ದು, ಬಾಯಿಗೆ ಅಜ್ಜಿ ಹಾಕಿದ ಕೈಹೊಲಿಗೆ. ಅದರೊಳಗೆ ಒಂದು ಪ್ಲಾಸ್ಟಿಕ್ ಕೊಟ್ಟೆ, ಕೊಟ್ಟೆಯೊಳಗೆ ಕಾಗದ. ಅಜ್ಜನ ಕಾಲದ ಗೇಣಿ ರಸೀದಿ, ಅಂಚು ಗೆದ್ದಲು ತಿಂದದ್ದು. ಬಗರ್‌ಹುಕುಂ ಅರ್ಜಿಗಳು, ನಮೂನೆ 50, ಆಮೇಲೆ 53, ಆಮೇಲೆ 57. ಒಂದೊಂದಕ್ಕೂ ಸ್ವೀಕೃತಿ ಚೀಟಿ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿ. ಆ ಕಾಯ್ದೆ 2006ರದು. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಹಕ್ಕು ಪಡೆಯಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದಕ್ಕೆ ಆಧಾರ ಕೊಡಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಸರ್ಕಾರವೇ ಅಣೆಕಟ್ಟು ಕಟ್ಟಿ 1964ರಲ್ಲಿ ಎಬ್ಬಿಸಿದವರು, ಎದ್ದು ಕೂತ ಜಾಗದಲ್ಲಿ 1930ರಿಂದ ಇದ್ದೇವೆಂದು ಹೇಗೆ ತೋರಿಸುವುದು? 1930ರ ಮನೆ ನೀರಿನಡಿಯಿದೆ. ಈ ಪ್ರಶ್ನೆಯನ್ನು ಮಾವ ಎಷ್ಟು ಮೇಜುಗಳ ಮುಂದೆ ನಿಂತು ಕೇಳಿದ್ದಾರೋ.

2015ರಿಂದ 2017ರ ನಡುವೆ ರಾಜ್ಯ ಸರ್ಕಾರ ಮುಳುಗಡೆ ಸಂತ್ರಸ್ತರಿಗಾಗಿ ಸುಮಾರು ಒಂಬತ್ತು ಸಾವಿರ ಎಕರೆಯನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟು ಅಧಿಸೂಚನೆಗಳನ್ನು ಹೊರಡಿಸಿತು. ಹಕ್ಕುಪತ್ರ ಸಿಕ್ಕಿತು ಎಂದು ಜನ ಸಿಹಿ ಹಂಚಿದರು. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲ. 2021ರ ಮಾರ್ಚ್‌ನಲ್ಲಿ ಹೈಕೋರ್ಟ್ ಅವುಗಳನ್ನು ರದ್ದು ಮಾಡಿತು. ಕಾಡು ಉಳಿಯಬೇಕೆಂಬ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಇರಲೇಬೇಕು. ಆದರೆ ಮುಳುಗಿಸುವಾಗ ಒಂದು ಸಹಿಗೆ ಮುಗಿದ ಕೆಲಸ, ಮರಳಿ ಕೊಡುವಾಗ ಮೂರು ತಲೆಮಾರಿಗೂ ಮುಗಿಯುವುದಿಲ್ಲ ಎಂದರೆ ಅದನ್ನು ನ್ಯಾಯ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಮಳೆ ಕಡಿಮೆಯಾದ ವರ್ಷ ಏಪ್ರಿಲ್, ಮೇ ಹೊತ್ತಿಗೆ ಹೊಳೆ ಇಳಿಯುತ್ತದೆ. ಹಿರೇಭಾಸ್ಕರ ಅಣೆಕಟ್ಟು ಕಲ್ಲುಕಲ್ಲಾಗಿ ಮೇಲೆದ್ದು ನಿಲ್ಲುತ್ತದೆ. ಅದನ್ನು ನೋಡಲು ಈಗ ಪ್ರವಾಸಿಗರೂ ಬರುತ್ತಾರೆ. ಇಳಿದ ನೀರಿನ ಅಂಚಿನಲ್ಲಿ ಬಿರುಕು ಬಿಟ್ಟ ಕೆಂಪು ಕೆಸರು, ಕಪ್ಪಗೆ ನಿಂತ ಕೊರಡು, ಅಲ್ಲಲ್ಲಿ ಹಳೆಯ ದಾರಿಯ ಗುರುತು. ಅಂಥ ಒಂದು ಬೇಸಿಗೆಯಲ್ಲಿ ದೊಡ್ಡಮ್ಮನ ಜೊತೆ ಹಳೆಯ ಮನೆಯ ಜಾಗಕ್ಕೆ ಹೋಗಿದ್ದೆ. ಗೋಡೆಯಿಲ್ಲ, ಕಂಬವಿಲ್ಲ. ಮಣ್ಣಿನ ಗೋಡೆ ಮೊದಲ ವರ್ಷವೇ ಕರಗಿರಬೇಕು. ಪಾಯದ ಜಂಬಿಟ್ಟಿಗೆ ಸಾಲು ಮಾತ್ರ ನೆಲದಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು. ದೊಡ್ಡಮ್ಮ ಆ ಗೆರೆಯ ಒಳಗೇ ನಡೆದರು, ಬಾಗಿಲಿದ್ದ ಜಾಗದಿಂದಲೇ ಒಳಹೊಕ್ಕರು. ಅಡುಗೆಮನೆಯ ಹಿಂದೆ ಕೆಸರನ್ನು ಕಾಲಿನಿಂದ ಸವರಿ ಸವರಿ ನೋಡಿ ಕೂತುಬಿಟ್ಟರು. ನೆಲದಲ್ಲಿ ಹೂತ ಒಳಕಲ್ಲು. ಭತ್ತ ಕುಟ್ಟುತ್ತಿದ್ದದ್ದು. ಅದರ ಗುಳಿಯೊಳಗಿನ ಹೂಳನ್ನು ಕೈಯಿಂದಲೇ ಬಗೆದು ತೆಗೆದರು. ಸೆರಗಿನಿಂದ ಒರೆಸಿದರು. ಮನೆಯಿಂದ ಕಟ್ಟಿ ತಂದ ಕುಂಕುಮ ಇಟ್ಟು, ಒಂದು ಹಿಡಿ ಅಕ್ಕಿ ಹಾಕಿದರು. ಏಳು ವರ್ಷದ ಹುಡುಗಿಯಾಗಿ ಬಿಟ್ಟುಹೋದ ಮನೆ ಅದು ಅವರಿಗೆ. ‘ಇದನ್ನ ಹೊತ್ಕೊಂಡು ಹೋಗಕ್ಕೆ ಆಗ್ಲಿಲ್ಲ ಅಂತ ಅಬ್ಬೆ ಸಾಯೋವರೆಗೂ ಹೇಳ್ತಿದ್ಲು’ ಎಂದರು. ಎದ್ದು ಬರುವಾಗ ಹಿಂತಿರುಗಿ ನೋಡಲಿಲ್ಲ.

ಕಾಡಿನ ನಡುವೆ ಬದುಕುವುದೆಂದರೆ ಹೊರಗಿನವರಿಗೆ ಹಸಿರು, ಮಂಜು, ಹಕ್ಕಿ. ಒಳಗಿರುವವರಿಗೆ ಅದು ಋತುಮಾನದ ದುಡಿಮೆ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಕಾನಿನ ಎತ್ತರದ ಮರದಿಂದ ಬಿದ್ದದ್ದನ್ನು ಆರಿಸಿ ತಂದು, ಸಿಪ್ಪೆ ಬಿಡಿಸಿ ಒಣಗಿಸಬೇಕು. ಬಿಸಿಲಿಲ್ಲದ ಕಾಲ, ಹಾಗಾಗಿ ಅಟ್ಟದ ಮೇಲೆ ಹರವಿ ಕೆಳಗೆ ಹಗಲು ರಾತ್ರಿ ಬೆಂಕಿ. ಬೀಜದಿಂದ ತುಪ್ಪ ತೆಗೆಯುವುದು ಬೇರೆ ಕೆಲಸ. ತೊಂಬತ್ತರ ದಶಕದಲ್ಲಿ ಮೈತೂಕ ಇಳಿಸುವ ಔಷಧಿಗೆ ಬೇಕೆಂದು ಉಪ್ಪಾಗೆಗೆ ಎಲ್ಲಿಲ್ಲದ ಬೆಲೆ ಬಂದಾಗ, ಹಣ್ಣಾಗುವ ಮೊದಲೇ ಟೊಂಗೆ ಕಡಿದು ಕೊಯ್ದವರೂ ಇದ್ದರು. ಬೆಲೆ ಬಿತ್ತು, ಕಡಿದ ಟೊಂಗೆ ಬೆಳೆಯಲು ವರ್ಷಗಳು ಹಿಡಿದವು. ಸಿಂಗಳೀಕ ತಿನ್ನುವುದೂ ಅದೇ ಹಣ್ಣು. ಮುಖದ ಸುತ್ತ ಬೂದು ಕೇಸರ ಹೊತ್ತ ಈ ಕಪ್ಪು ಕೋತಿ ಪಶ್ಚಿಮಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ನೆಲಕ್ಕಿಳಿಯುವುದೇ ಅಪರೂಪ, ಮರದಿಂದ ಮರಕ್ಕೇ ಅದರ ದಾರಿ. ನಡುವೆ ನಾಲ್ಕು ಮರ ಇಲ್ಲವಾದರೆ ದಾರಿಯೇ ತುಂಡಾದಂತೆ. ಅದಕ್ಕಾಗಿ 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿದರು.

ದೀಪಾವಳಿ ಕಳೆದರೆ ದರಗು ಗುಡಿಸುವ ಕೆಲಸ. ಒಣಎಲೆ ಕೊಟ್ಟಿಗೆಗೆ ಬೇಕು, ತೋಟಕ್ಕೆ ಬೇಕು. ಆದರೆ ಅದೇ ಎಲೆಯಲ್ಲಿ ಉಣುಗು ಇರುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಆ ಉಣುಗಿನಿಂದ. 2018–19ರಲ್ಲಿ ಶರಾವತಿ ಸೀಮೆಯ ಅರಳಗೋಡು ಭಾಗದಲ್ಲಿ ಅದು ಮನೆಮನೆಯನ್ನೂ ನಡುಗಿಸಿತು. ಸತ್ತ ಮಂಗ ಕಂಡರೆ ಆ ಕಡೆ ಹೆಜ್ಜೆ ಇಡದ ಹಾಗಾಯಿತು. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2022ರಲ್ಲಿ ನಿಂತಿತು. ಕೈಕಾಲಿಗೆ ಎಣ್ಣೆ ಸವರಿಕೊಂಡು ಕಾಡಿಗೆ ಹೋಗಿ ಎಂಬುದೇ ಉಪಾಯ. ದಿನಗೂಲಿಯ ಹೆಂಗಸು ಬೆಳಗ್ಗೆ ಸವರಿದ ಎಣ್ಣೆ ಬೆವರಿಗೆ ಹತ್ತು ಗಂಟೆಯೊಳಗೆ ಇಳಿದು ಹೋಗಿರುತ್ತದೆ. ಅಡಿಕೆ ತೋಟದಲ್ಲಿ ಕೊಳೆಯ ಜೊತೆಗೆ ಈಗ ಎಲೆಚುಕ್ಕಿ ರೋಗ. ಬೋರ್ಡೋ ಹೊಡೆಯಲು ಕೊನೆಗೌಡರು ಸಿಗುವುದಿಲ್ಲ. ಸಿಕ್ಕರೂ ಒಂದೇ ಸಮ ಸುರಿವ ಮಳೆಯಲ್ಲಿ ಮರ ಹತ್ತುವಂತಿಲ್ಲ. ಹೀಗಿರುವಾಗ ಮಕ್ಕಳು ಓದಿ ಬೆಂಗಳೂರಿಗೆ ಹೋದರೆ ಯಾವ ತಾಯಿ ಬೇಡ ಅಂದಾಳು.

ಸೇತುವೆ ಬಂದದ್ದು ಇಂಥ ಊರಿಗೆ. 2018ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ, 2025ರ ಜುಲೈ 14ರಂದು ಉದ್ಘಾಟನೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್, ವೆಚ್ಚ 470 ಕೋಟಿ ರೂಪಾಯಿಗೂ ಮೇಲೆ. ನಡುವೆ ಉಕ್ಕಿನ ಹಗ್ಗಗಳು ಹಿಡಿದೆತ್ತಿದ ಸೇತುವೆ. ಮೊದಲ ವಾರ ಆಚೆಯವರು ನಡೆದೇ ದಾಟಿದರು, ಅಜ್ಜ ಅಜ್ಜಿಯರನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದರು. ನಡುರಾತ್ರಿ ಆಂಬುಲೆನ್ಸ್ ದಾಟಿತು ಎಂಬ ಸುದ್ದಿ ಕೇಳಿದ ದಿನ ದೊಡ್ಡಮ್ಮ ದೇವರ ಮುಂದೆ ದೀಪ ಹಚ್ಚಿದರು. ಆರು ದಶಕದ ಬೇಡಿಕೆ ಅದು. ಅದರ ಬೆಲೆ ಗೊತ್ತಿಲ್ಲದವರು, ಕಾಡಿನ ಊರಿಗೆ ಸೇತುವೆ ಯಾಕೆ ಎಂದು ಕೇಳಬಾರದು.

ಆದರೆ ದಾರಿ ಎರಡೂ ಕಡೆಗೆ ಹೋಗುತ್ತದೆ. ಸಿಗಂದೂರಿನ ಚೌಡೇಶ್ವರಿಗೆ ಬರುವ ಭಕ್ತರ ಕಾರುಗಳು ಈಗ ನಿಲ್ಲದೆ ಬರುತ್ತವೆ. ಹಿಂದೆಯೇ ಜಾಗ ಕೇಳುವವರು ಬಂದಿದ್ದಾರೆ. ನೀರಿನ ಅಂಚು ಕಾಣುವ ಒಂದು ಎಕರೆ, ರೆಸಾರ್ಟಿಗೆ. ಪಹಣಿ ಇರುವ ಮನೆಯವರಿಗೆ ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಆಯ್ಕೆಯಾದರೂ ಇದೆ. ಹೋಂಸ್ಟೇ ಮಾಡುತ್ತೇವೆಂದರೆ ಸಾಲ ಸಿಗುತ್ತದೆ, ಪರವಾನಗಿ ಸಿಗುತ್ತದೆ. ಕಾಗದವಿಲ್ಲದ ಮಾವನಂಥವರು ತಮ್ಮದೇ ಅಂಗಳದ ಮುಂದೆ ಹಾದುಹೋಗುವ ಹಣವನ್ನು ನೋಡುತ್ತ ನಿಲ್ಲಬೇಕು. ಸೇತುವೆಯ ಲಾಭ ಯಾರ ಕೈ ಸೇರಬೇಕೆಂಬುದು ಅರವತ್ತು ವರ್ಷ ಹಿಂದಿನ ಆ ಪರಿಹಾರದ ಪಟ್ಟಿಯಲ್ಲೇ ಅರ್ಧ ತೀರ್ಮಾನವಾಗಿದೆ. ಹಕ್ಕುಪತ್ರ ಮೊದಲು ಬಂದು ಸೇತುವೆ ಆಮೇಲೆ ಬಂದಿದ್ದರೆ ಊರಿನ ಮುಖವೇ ಬೇರೆಯಾಗಿರುತ್ತಿತ್ತು.

ಕೆಳಗೆ ಕಣಿವೆಯಲ್ಲಿ ಇನ್ನೊಂದು ಯೋಜನೆ ಕಾಯುತ್ತಿದೆ. ತಳಕಳಲೆ ಜಲಾಶಯಕ್ಕೂ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ಬೆಟ್ಟದೊಳಗೆ ಸುರಂಗ ಕೊರೆದು, ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಹೆಚ್ಚಿದಾಗ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ಉತ್ಪಾದಿಸುವ ಯೋಜನೆ. ಎತ್ತಲು ತಗಲುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಇದು ಕರೆಂಟನ್ನು ಕೂಡಿಡುವ ಲೆಕ್ಕವೇ ಹೊರತು ಹೊಸದಾಗಿ ಹುಟ್ಟಿಸುವುದಲ್ಲ. ಬಿಸಿಲಿನ ವಿದ್ಯುತ್ತು ಹೆಚ್ಚಿದಂತೆ ಕೂಡಿಡುವ ದಾರಿ ಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಹಾದುಹೋಗುವುದು ಸಿಂಗಳೀಕಕ್ಕೆಂದು ಘೋಷಿಸಿದ ಅದೇ ಅಭಯಾರಣ್ಯದಲ್ಲಿ. ಮನೆಯ ಹಿಂದೆ ಒಂದು ಕೊಟ್ಟಿಗೆ ಕಟ್ಟಲು ಅಡ್ಡಬರುವ ಕಾನೂನು ಸುರಂಗಕ್ಕೆ ಯಾಕೆ ದಾರಿ ಬಿಡುತ್ತದೆ ಎಂದು ಹೊನ್ನಾವರ, ಸಾಗರದ ಜನ ಕೇಳುತ್ತಿದ್ದಾರೆ. 2019ರಲ್ಲಿ ಇದೇ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆಯೇ ಬಂದ್ ಆಗಿತ್ತು. ಡಿಸೋಜ ಆಗ ಎಂಬತ್ತು ದಾಟಿದವರು, ಆದರೂ ಮುಂದೆ ನಿಂತಿದ್ದರು.

ತುಮರಿಯಲ್ಲಿ ಕಿನ್ನರ ಮೇಳವಿದೆ. ಕೆ.ಜಿ. ಕೃಷ್ಣಮೂರ್ತಿ ಕಟ್ಟಿ ಬೆಳೆಸಿದ, ಮಕ್ಕಳ ನಾಟಕಕ್ಕೆ ಹೆಸರಾದ ತಂಡ. ಲಾಂಚಿನ ಕಾಲದಲ್ಲೇ ರಂಗಸಜ್ಜಿಕೆ ಹೊತ್ತು ಹೊಳೆ ದಾಟಿ ನಾಡಿನ ಉದ್ದಗಲಕ್ಕೂ ತಿರುಗಿದವರು ಅವರು. ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಚಿತ್ತಾರ ಬರೆಯುವ ಕೈಗಳು ಇನ್ನೂ ಇವೆ. ಊರು ಬರಿದಾಗಿಲ್ಲ. ನೆಟ್‌ವರ್ಕ್ ಸಿಗದೆ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ ಮಕ್ಕಳಲ್ಲಿ ಒಬ್ಬಳು, ಮಾವನ ಮೊಮ್ಮಗಳು, ನರ್ಸಿಂಗ್ ಮುಗಿಸಿದ್ದಾಳೆ. ಈಚೆ ದಡದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೆ ಮನೆಯಿಂದಲೇ ಓಡಾಡುತ್ತೇನೆ ಅನ್ನುತ್ತಾಳೆ. ಅವಳ ಅಮ್ಮನ ಕಾಲದಲ್ಲಿ ಇಂಥ ವಾಕ್ಯ ಯಾರ ಬಾಯಲ್ಲೂ ಬರುವಂತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಸಾಗರದಲ್ಲಿ ನೆಂಟರ ಮದುವೆ. ಊಟವಾಗಿ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದೆವು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ ಬಿಸಿಲು ಅಂಗಳದ ಅಂಚಿಗೆ ಸರಿದಿತ್ತು. ಮಾವ ಥಟ್ಟನೆ ಎದ್ದರು. ‘ಹೊರಡ್ತೆ ಮಾರಾಯ, ಲಾಂಚ್ ತಪ್ಪತ್ತು.’ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ‘ಮಾವ, ಈಗ ಸೇತುವೆ ಇದ್ಯಲ’ ಎಂದೆ. ಅವರು ನನ್ನ ಮುಖ ನೋಡಿದರು, ನಕ್ಕರು, ಮತ್ತೆ ಕೂತರು. ಹರಿವಾಣದಿಂದ ಇನ್ನೊಂದು ಎಲೆ ತೆಗೆದುಕೊಂಡು ನಿಧಾನವಾಗಿ ಸುಣ್ಣ ಸವರಿದರು. ಮರುದಿನ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತು. ಖಾಕಿ ಚೀಲ ಅವರ ತೊಡೆಯ ಮೇಲೆಯೇ ಇತ್ತು.